ಡ್ರಾಕುಲಾ ವೇಷದ ಬೆಲಾ ಲುಗೋಸಿ

ರಕ್ತ ಹೀರುವ ಪಿಶಾಚಿ ಎಂದೊಡನೆ ಕಪ್ಪು ಮೇಲುಹೊದಿಕೆ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ಕೂದಲು, ತಡೆತಡೆದು ಬರುವ ಮಾತು ನೆನಪಾಗುತ್ತದಷ್ಟೆ? ಅದು ಬೆಲಾ ಲುಗೋಸಿ ಕೊಟ್ಟ ರೂಪ.

ಆತ ಹುಟ್ಟಿದ್ದು 1882ರ ಅಕ್ಟೋಬರ್ 20ರಂದು, ಆಗ ಹಂಗೆರಿಗೆ ಸೇರಿದ್ದ ಲುಗೋಶ್ ಪಟ್ಟಣದಲ್ಲಿ. ಮನೆತನದ ಹೆಸರು ಬ್ಲಾಸ್ಕೋ. ನಮ್ಮ ಯಕ್ಷಗಾನ ಕಲಾವಿದರಂತೆ ಈತನೂ ಹುಟ್ಟೂರನ್ನೇ ಹೆಸರಿಗೆ ಅಂಟಿಸಿಕೊಂಡ. ಮೊದಲ ಮಹಾಯುದ್ಧದ ಬಳಿಕ ಗಡಿ ಬದಲಾಗಿ ಆ ಊರು ರುಮೇನಿಯಾದ ಪಾಲಾಯಿತು.

ಬುಡಾಪೆಸ್ಟಿನ ರಾಷ್ಟ್ರೀಯ ರಂಗಭೂಮಿಯಲ್ಲಿದ್ದ ಲುಗೋಸಿ 1919ರ ಕ್ರಾಂತಿಯ ವೇಳೆ ನಟರ ಸಂಘ ಕಟ್ಟಲು ಹೊರಟ. ಕ್ರಾಂತಿ ಮುರಿದುಬಿದ್ದಾಗ ದೇಶ ಬಿಡಬೇಕಾಯಿತು. ವಿಯೆನ್ನಾ, ಬರ್ಲಿನ್ ಸುತ್ತಿ 1920ರ ಕೊನೆಗೆ ಅಮೆರಿಕ ಸೇರಿದ. ಇಂಗ್ಲಿಷ್ ಬಾರದು. ಮೊದಲಿಗೆ ನ್ಯೂಯಾರ್ಕಿನ ಹಂಗೆರಿಯನ್ನರಿಗಾಗಿ ಸ್ವಂತ ಭಾಷೆಯಲ್ಲೇ ನಾಟಕವಾಡಿದ. 1922ರಲ್ಲಿ ಇಂಗ್ಲಿಷ್ ಪಾತ್ರವೊಂದು ಸಿಕ್ಕಾಗ ಸದ್ದನ್ನಷ್ಟೇ ಬಾಯಿಪಾಠ ಮಾಡಿ ರಂಗಕ್ಕೆ ಹೋದನಂತೆ!

ಇನ್ನು ಡ್ರಾಕುಲಾ. ಬ್ರಾಂ ಸ್ಟೋಕರನ 1897ರ ಕಾದಂಬರಿ ಪತ್ರ, ದಿನಚರಿಗಳ ಕಂತೆ. ಅದರಲ್ಲಿ ಕೋಟೆ, ಕಡಲು, ಹಡಗು, ಸ್ಮಶಾನ. ಇಷ್ಟನ್ನೂ ಒಂದು ರಂಗದ ಮೇಲೆ ತರುವುದು ಹೇಗೆ? ಸ್ಟೋಕರನ ವಿಧವೆಯ ಅನುಮತಿ ಪಡೆದು ಹ್ಯಾಮಿಲ್ಟನ್ ಡೀನ್ ಎಂಬ ನಟ 1924ರಲ್ಲಿ ಇಂಗ್ಲೆಂಡಿನ ಡರ್ಬಿಯಲ್ಲಿ ಆಡಿಸಿದ ನಾಟಕದಲ್ಲಿ ಪ್ರಯಾಣಗಳೆಲ್ಲ ಬಿಟ್ಟುಹೋದವು. ಕತೆ ಹೆಚ್ಚಾಗಿ ಮನೆಯೊಳಗೇ ನಡೆಯಿತು. ಕಾದಂಬರಿಯ ಆರಂಭದಲ್ಲಿ ಪಿಶಾಚಿ ಬಿಳಿಮೀಸೆಯ, ಉಸಿರು ನಾರುವ ಮುದುಕ. ಅಂಥವನನ್ನು ಯಾವ ಗೃಹಸ್ಥ ಚಾವಡಿಗೆ ಕರೆದಾನು? ಡೀನ್ ಅವನಿಗೆ ಔತಣದ ಉಡುಪು ತೊಡಿಸಿ ಸಭ್ಯನನ್ನಾಗಿಸಿದ. ಎತ್ತರದ ಕಾಲರು ಬರಿಯ ಅಂದಕ್ಕಲ್ಲ. ಬೆನ್ನು ತಿರುಗಿಸಿ ನಿಂತರೆ ನಟನ ತಲೆ ಅದರಲ್ಲಿ ಮರೆಯಾಗುತ್ತದೆ. ಉಳಿದವರು ಮೇಲುಹೊದಿಕೆ ಹಿಡಿದಿರುವಂತೆಯೇ ಆತ ರಂಗದ ಕಳ್ಳಬಾಗಿಲಿನಿಂದ ಜಾರಿಬಿಡುತ್ತಾನೆ. ಕೈಯಲ್ಲಿ ಉಳಿಯುವುದು ಬರಿಯ ಬಟ್ಟೆ.

ಜಾನ್ ಬಾಲ್ಡರ್ಸ್ಟನ್ ತಿದ್ದಿ ಬರೆದ ಈ ನಾಟಕ 1927ರ ಅಕ್ಟೋಬರ್ 5ರಂದು ನ್ಯೂಯಾರ್ಕಿನ ಫುಲ್ಟನ್ ಥಿಯೇಟರಿನಲ್ಲಿ ರಂಗವೇರಿತು. ಬೇರೆ ಪಾತ್ರಗಳಿಗೆ ಅಡ್ಡಿಯಾಗಿದ್ದ ಲುಗೋಸಿಯ ಹಂಗೆರಿಯನ್ ಉಚ್ಚಾರ ಇಲ್ಲಿ ವರವಾಯಿತು. ಒಟ್ಟು 261 ಪ್ರದರ್ಶನ. 1931ರ ಚಲನಚಿತ್ರದಿಂದ ಜಗತ್ತೇ ಆತನನ್ನು ಕಂಡಿತು.

ಆಮೇಲೆ ಅದೇ ಉಚ್ಚಾರ ಆತನನ್ನು ಕಟ್ಟಿಹಾಕಿತು. ಬಂದದ್ದೆಲ್ಲ ಭೂತಪ್ರೇತದ, ಹುಚ್ಚು ವಿಜ್ಞಾನಿಯ ವೇಷಗಳೇ. ನೋವಿಗೆಂದು ತೆಗೆದುಕೊಂಡ ಮದ್ದು ಚಟವಾಯಿತು. 1955ರಲ್ಲಿ ತಾನಾಗಿಯೇ ಸರಕಾರಿ ಆಸ್ಪತ್ರೆ ಸೇರಿದ. ವಿಷಯವನ್ನು ಮುಚ್ಚಿಡಲೂ ಇಲ್ಲ. ಅಂದಿನ ಸಿನಿಮಾ ಮಂದಿಯಲ್ಲಿ ಇದು ಅಪರೂಪದ ಧೈರ್ಯವೇ ಸರಿ. 1956ರ ಆಗಸ್ಟ್ 16ರಂದು ಲಾಸ್ ಏಂಜಲಿಸಿನಲ್ಲಿ ತೀರಿಕೊಂಡಾಗ, ಮನೆಯವರು ಡ್ರಾಕುಲಾ ಮೇಲುಹೊದಿಕೆ ತೊಡಿಸಿಯೇ ಮಣ್ಣುಮಾಡಿದರು.