ರುಚಿಯ ಮೂಲ ಹುಡುಕಿದ ಪ್ರಾಧ್ಯಾಪಕ ಕಿಕುನಾಯೆ ಇಕೆದಾ

ಹೊಸ ವರ್ಷದಲ್ಲಿ ಕಾವಾಸಾಕಿ ದಾಯಿಶಿ ದೇವಾಲಯಕ್ಕೆ ಹೋಗುವಾಗ ಕೇಕ್ಯೂ ಕಾವಾಸಾಕಿಯಿಂದ ಚಿಕ್ಕ ರೈಲು ಹತ್ತುತ್ತೇವೆ. ಎರಡನೆಯ ನಿಲ್ದಾಣ ಸುಜುಕಿ-ಚೋ. ಪಕ್ಕದಲ್ಲೇ ತಾಮಾ ನದಿ, ನದಿಯ ದಂಡೆಯಲ್ಲಿ ಅಜಿನೊಮೊಟೊ ಕಾರ್ಖಾನೆ. 1944ರವರೆಗೆ ಈ ನಿಲ್ದಾಣಕ್ಕೆ ಕಾರ್ಖಾನೆಯದೇ ಹೆಸರಿತ್ತು. ನಮ್ಮೂರಿನ ಗೋಬಿ ಮಂಚೂರಿ ಗಾಡಿಯವನು ಟೇಸ್ಟಿಂಗ್ ಪೌಡರ್ ಎಂದು ಚಿಟಿಕೆ ಉದುರಿಸುವ ಆ ಬಿಳಿಯ ಹರಳಿನ ಚರಿತ್ರೆ ಈ ಊರಿನೊಂದಿಗೆ ಹೆಣೆದುಕೊಂಡಿದೆ. ಅದನ್ನು ಲೋಕಕ್ಕೆ ಕೊಟ್ಟ ಪ್ರಾಧ್ಯಾಪಕ ಕಿಕುನಾಯೆ ಇಕೆದಾ ಅವರನ್ನು ಸಂಘದ ಈ ಹುಟ್ಟುಹಬ್ಬದಲ್ಲಿ ಸ್ಮರಿಸುವುದು ಉಚಿತವೆಂದು ನಮಗೆ ತೋರಿತು.

ಇಕೆದಾ ಹುಟ್ಟಿದ್ದು 1864ರಲ್ಲಿ, ಕ್ಯೋಟೋ ನಗರದಲ್ಲಿ. ತಂದೆ ಸತ್ಸುಮಾ ಸೀಮೆಯ ಸಮುರಾಯಿ ವಂಶದವರು. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿ 1889ರಲ್ಲಿ ಪದವಿ ಪಡೆದರು. ಕೆಲಕಾಲ ಅಧ್ಯಾಪಕ ವೃತ್ತಿ ಮಾಡಿ ಅದೇ ವಿಶ್ವವಿದ್ಯಾಲಯಕ್ಕೆ ಮರಳಿದರು. 1899ರಲ್ಲಿ ಸರ್ಕಾರ ಅವರನ್ನು ಜರ್ಮನಿಯ ಲೈಪ್‌ಜಿಗ್‌ಗೆ, ವಿಲ್ಹೆಲ್ಮ್ ಓಸ್ಟ್‌ವಾಲ್ಡ್ ಅವರ ಬಳಿ ಕಳುಹಿಸಿತು. ದ್ರಾವಣಗಳ ವಿಜ್ಞಾನಕ್ಕೆ ಅದು ಆಗ ತವರುಮನೆ. ಉಪ್ಪು ನೀರಿನಲ್ಲಿ ಏಕೆ ಕರಗುತ್ತದೆ, ಎಷ್ಟು ಕರಗುತ್ತದೆ, ಯಾವಾಗ ಮತ್ತೆ ಹರಳಾಗುತ್ತದೆ ಎಂಬ ಪ್ರಶ್ನೆಗಳಿಗೆ ಉಷ್ಣಗತಿಶಾಸ್ತ್ರದ ನಿಯಮಗಳಿಂದ ಉತ್ತರ ಹುಡುಕುತ್ತಿದ್ದ ಕಾಲವದು.

1901ರಲ್ಲಿ ಊರಿಗೆ ಮರಳುವ ದಾರಿಯಲ್ಲಿ ಇಕೆದಾ ಲಂಡನ್ನಿನಲ್ಲಿ ತಂಗಿದರು. ಅಲ್ಲಿ ಸುಮಾರು ಎರಡು ತಿಂಗಳು ಅವರ ಜೊತೆ ಒಂದೇ ವಸತಿಯಲ್ಲಿದ್ದವರು ಮುಂದೆ ಜಪಾನಿನ ಮಹಾ ಕಾದಂಬರಿಕಾರರಾದ ನಾತ್ಸುಮೆ ಸೋಸೆಕಿ. ಪರದೇಶದಲ್ಲಿ ಒಂಟಿತನದಿಂದ ಕುಗ್ಗಿದ್ದ ಸೋಸೆಕಿಯವರಿಗೆ ಈ ವಿಜ್ಞಾನಿಯ ಮಾತುಕತೆ ಚೈತನ್ಯ ತಂದಿತು. ಸಾಹಿತ್ಯವನ್ನೂ ಶಾಸ್ತ್ರೀಯವಾಗಿ ಅಭ್ಯಸಿಸಬೇಕೆಂಬ ಛಲ ಹುಟ್ಟಿತು. ಪರದೇಶದ ಬಾಡಿಗೆ ಕೋಣೆಯಲ್ಲಿ ಸ್ವದೇಶದ ಒಬ್ಬ ಗೆಳೆಯ ಸಿಕ್ಕರೆ ಏನಾಗುತ್ತದೆಂಬುದು ನಮಗೆಲ್ಲ ಗೊತ್ತಿರುವ ಸಂಗತಿಯೇ.

ಅದೇ ವರ್ಷ ಇಕೆದಾ ಪ್ರಾಧ್ಯಾಪಕರಾದರು. ಯೂರೋಪಿನವರ ಗಟ್ಟಿ ಮೈಕಟ್ಟು ಕಂಡು ಬಂದಿದ್ದ ಅವರಿಗೆ ತಮ್ಮ ಜನರ ಆಹಾರ ಸುಧಾರಿಸಬೇಕೆಂಬ ಆಸೆಯಿತ್ತು. ಒಳ್ಳೆಯ ರುಚಿ ಜೀರ್ಣಶಕ್ತಿಗೆ ನೆರವಾಗುತ್ತದೆ ಎಂಬ ವೈದ್ಯ ಮಿಯಾಕೆ ಹೀಜು ಅವರ ಅಭಿಪ್ರಾಯವನ್ನು ಓದಿದ ಮೇಲೆ ಆ ಆಸೆ ಸಂಶೋಧನೆಯಾಯಿತು. ಮನೆಯ ಅಡುಗೆಗೆ ಬಳಸುವ ಕೊಂಬು ಎಂಬ ಕಡಲಪಾಚಿಯ ಸಾರಿನಲ್ಲಿ ಸಿಹಿ, ಹುಳಿ, ಉಪ್ಪು, ಕಹಿ ಯಾವುದೂ ಅಲ್ಲದ ಒಂದು ರುಚಿಯಿದೆ ಎಂದು ಅವರು ಗುರುತಿಸಿದರು. ನಮ್ಮವರು ಷಡ್ರಸ ಎಂದು ಆರು ಎಣಿಸಿದರು. ಇದು ಆ ಆರರಲ್ಲಿಯೂ ಸೇರದು. ಹಣ್ಣಾದ ಟೊಮೇಟೊ ಸಾರು ಕುದಿದು ಗಟ್ಟಿಯಾದಾಗ ನಾಲಿಗೆಗೆ ತಾಗುವ ಆ ತುಂಬಿದ ರುಚಿಯನ್ನು ನೆನೆದರೆ ಅರ್ಥವಾದೀತು.

ಸುಮಾರು 12 ಕಿಲೋ ಕೊಂಬುವಿನಿಂದ ಅವರಿಗೆ ದೊರೆತದ್ದು 30 ಗ್ರಾಂ ಗ್ಲುಟಾಮಿಕ್ ಆಮ್ಲ. ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. 1908ರಲ್ಲಿ ಪೇಟೆಂಟ್ ಸಿಕ್ಕಿತು. ಕಡಲಪಾಚಿಯಿಂದ ಅಯೋಡಿನ್ ತೆಗೆಯುತ್ತಿದ್ದ ಉದ್ಯಮಿ ಸುಜುಕಿ ಸಬುರೋಸುಕೆ ಜೊತೆಗೂಡಿದರು. 1909ರ ಮೇ ತಿಂಗಳಲ್ಲಿ ಅಜಿನೊಮೊಟೊ, ಅಂದರೆ ರುಚಿಯ ಮೂಲ, ಮಾರುಕಟ್ಟೆಗೆ ಬಂತು.

ತೊಡಕು ಶುರುವಾದದ್ದು ಇಲ್ಲಿಂದಲೇ. ಮಾರಾಟಕ್ಕೆ ಸಾಲುವಷ್ಟು ಹರಳನ್ನು ಕೊಂಬುವಿನಿಂದ ತೆಗೆಯಲಾಗದು. ಆದ್ದರಿಂದ ಗೋಧಿಹಿಟ್ಟನ್ನು ತೊಳೆದು, ಉಳಿದ ಅಂಟನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿದರು. ಕಬ್ಬಿಣವನ್ನು ಆಮ್ಲ ತಿನ್ನುವುದರಿಂದ ಮಣ್ಣಿನ ದೊಡ್ಡ ಹಂಡೆಗಳನ್ನು ಹೂಡಿದರು. ಮುಂದಿನದೆಲ್ಲ ಲೈಪ್‌ಜಿಗ್‌ನಲ್ಲಿ ಕಲಿತ ವಿದ್ಯೆ: ಗಾಢ ಆಮ್ಲದಲ್ಲಿ ಗ್ಲುಟಾಮಿಕ್ ಆಮ್ಲದ ಲವಣ ಕಡಿಮೆ ಕರಗುವುದರಿಂದ ಮೊದಲು ಅದೇ ಹರಳಾಗುತ್ತದೆ. ಆಮ್ಲೀಯತೆಯನ್ನು ಪಿಎಚ್ 3.2ರ ಸುಮಾರಿಗೆ ತಂದರೆ ಶುದ್ಧ ಗ್ಲುಟಾಮಿಕ್ ಆಮ್ಲ ತಳಕ್ಕೆ ಇಳಿಯುತ್ತದೆ. ಸೋಡಾ ಬೆರೆಸಿದರೆ ನೀರಿನಲ್ಲಿ ಸುಲಭವಾಗಿ ಕರಗುವ ಉಪ್ಪಾಗುತ್ತದೆ.

ಪ್ರಯೋಗಶಾಲೆಯಲ್ಲಿ ಒಂದು ಪಾತ್ರೆಯ ಆಮ್ಲದ ಹೊಗೆ ಕಿಟಕಿಯಿಂದ ಹೊರಗೆ ಹೋದರೆ ಯಾರೂ ಕೇಳುವುದಿಲ್ಲ. ಆದರೆ ಝೂಶಿ ಎಂಬ ಊರಿನ ಮೊದಲ ಕಾರ್ಖಾನೆಯಲ್ಲಿ ಹಂಡೆಗಟ್ಟಲೆ ಕುದಿದಾಗ ಆ ಹೊಗೆ, ತ್ಯಾಜ್ಯ ನೀರು ಎರಡೂ ನೆರೆಹೊರೆಯವರ ಪಾಲಾದವು. ಜನ ಪ್ರತಿಭಟಿಸಿದರು. 1914ರಲ್ಲಿ ಕೆಲಸ ಕಾವಾಸಾಕಿಯ ನದಿದಂಡೆಗೆ ಬಂತು. ಊರು ಬದಲಾಯಿತು, ಆಮ್ಲ ಮಾತ್ರ ಅದೇ ಉಳಿಯಿತು.

ಹೀಗೆ ಜಾಗ ಬದಲಿಸಿದ ಮಾತ್ರಕ್ಕೆ ಮಾಲಿನ್ಯ ತೀರುವುದಿಲ್ಲ ಎಂಬ ಪಾಠವನ್ನು ಈ ನಗರ ಮುಂದೆ ಬಹಳ ಕಷ್ಟಪಟ್ಟು ಕಲಿಯಿತು. ಕರಾವಳಿಯಲ್ಲಿ ಉಕ್ಕು, ತೈಲ, ವಿದ್ಯುತ್ ಸ್ಥಾವರಗಳು ಬೆಳೆದು ಉಬ್ಬಸದ ರೋಗಿಗಳು ಹೆಚ್ಚಿದರು. 1982ರಲ್ಲಿ ಅವರು ಹೂಡಿದ ಮೊಕದ್ದಮೆ ಕಂಪನಿಗಳೊಂದಿಗೆ 1996ರಲ್ಲಿ, ಸರ್ಕಾರದೊಂದಿಗೆ 1999ರಲ್ಲಿ ರಾಜಿಯಾಗಿ ಮುಗಿಯಿತು.

ಉಮಾಮಿಯ ವಿಷಯದಲ್ಲಿ ನಿಜವಾದ ಪರಿಹಾರ ಬಂದದ್ದು ವಿಧಾನವೇ ಬದಲಾದಾಗ. 1956ರಲ್ಲಿ ಜಪಾನಿನ ವಿಜ್ಞಾನಿಗಳು ಸಕ್ಕರೆಯಿಂದ ಗ್ಲುಟಾಮಿಕ್ ಆಮ್ಲ ಮಾಡುವ ಸೂಕ್ಷ್ಮಾಣುವನ್ನು ಕಂಡುಹಿಡಿದರು. 1960ರ ದಶಕದಿಂದ, ನಮ್ಮ ಇಡ್ಲಿ ಹಿಟ್ಟಿನಂತೆ, ಹುದುಗಿಸುವ ಕ್ರಮವೇ ರೂಢಿಗೆ ಬಂತು. ಆಮ್ಲದಲ್ಲಿ ಕುದಿಸುವ ಕೆಲಸ ಹಿಂದೆ ಸರಿಯಿತು.

ಇದನ್ನು ನೋಡಲು ಇಕೆದಾ ಇರಲಿಲ್ಲ. 1917ರಲ್ಲಿ ಆರಂಭವಾದ ರಿಕೆನ್ ಸಂಶೋಧನಾ ಸಂಸ್ಥೆಯ ಕಟ್ಟುವಿಕೆಯಲ್ಲಿ ಪಾಲ್ಗೊಂಡು, 1923ರಲ್ಲಿ ವಿಶ್ವವಿದ್ಯಾಲಯದಿಂದ ನಿವೃತ್ತರಾಗಿ, ಮತ್ತೆ ಕೆಲವು ವರ್ಷ ಲೈಪ್‌ಜಿಗ್‌ನಲ್ಲಿ ನೆಲೆಸಿ, 1936ರಲ್ಲಿ ಟೋಕಿಯೋದಲ್ಲಿ ತೀರಿಕೊಂಡರು. ನಾಲಿಗೆಯಲ್ಲಿ ಉಮಾಮಿಯನ್ನು ಗ್ರಹಿಸುವ ಅಣುಗಳು ಪತ್ತೆಯಾಗಿ ಅವರ ಮಾತು ಜಗತ್ತಿಗೆ ಒಪ್ಪಿಗೆಯಾದದ್ದು 2000ದ ನಂತರ.

ನಮ್ಮ ಮಕ್ಕಳಲ್ಲಿ ಅನೇಕರು ಎಂಜಿನಿಯರಿಂಗ್ ಓದುತ್ತಿದ್ದಾರೆ. ಅವರಿಗೆ ನಾವು ಹೇಳಬಯಸುವುದು ಇಷ್ಟೇ: ಹರಳು ಕೈಗೆ ಬಂದಾಗ ಅರ್ಧ ಕೆಲಸ ಮುಗಿಯಿತು, ಉಳಿದ ನೀರು ಎಲ್ಲಿಗೆ ಹೋಯಿತೆಂದು ಕೇಳಿದಾಗ ಇನ್ನರ್ಧ ಆರಂಭವಾಗುತ್ತದೆ. ಮುಂದಿನ ಸಲ ದಾಯಿಶಿಗೆ ಹೋಗುವಾಗ ಸುಜುಕಿ-ಚೋದಲ್ಲಿ ಕಿಟಕಿಯಾಚೆ ಒಮ್ಮೆ ನೋಡೋಣ. ಪ್ರಾಧ್ಯಾಪಕರನ್ನೂ, ಆ ಹೊಗೆ ಕುಡಿದ ಹೆಸರಿಲ್ಲದ ನೆರೆಯವರನ್ನೂ ಒಟ್ಟಿಗೆ ನೆನೆಯೋಣ.