ಒಲೆಯ ಹೊಗೆಗೆ ದಾರಿ ಹುಡುಕಿದ ವಿಜ್ಞಾನಿ

ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ವಿದ್ಯುತ್ ರಸಾಯನಶಾಸ್ತ್ರದ ಪಾಠ ಎಂದರೆ ಹಲವರಿಗೆ ತಲೆನೋವು. ಆ ವಿಷಯದಲ್ಲಿ ಜಗತ್ತಿನ ಅನೇಕ ವಿಶ್ವವಿದ್ಯಾಲಯಗಳಲ್ಲಿ ಓದುವ ‘ಮಾಡರ್ನ್ ಎಲೆಕ್ಟ್ರೋಕೆಮಿಸ್ಟ್ರಿ’ ಎಂಬ ದೊಡ್ಡ ಗ್ರಂಥ ಬರೆದ ಇಬ್ಬರಲ್ಲಿ ಒಬ್ಬರು ನಮ್ಮ ಬೆಂಗಳೂರಿನವರು. ಹೆಸರು ಅಮೂಲ್ಯ ಕುಮಾರ್ ಎನ್. ರೆಡ್ಡಿ. ಇನ್ನೊಬ್ಬರು ಜಾನ್ ಬಾಕ್ರಿಸ್. ಪುಸ್ತಕ ಹೊರಬಂದದ್ದು 1970ರಲ್ಲಿ. ಆದರೆ ಈ ಲೇಖನ ಅವರ ಪುಸ್ತಕದ ಬಗ್ಗೆ ಅಲ್ಲ, ಒಲೆಯ ಬಗ್ಗೆ.

ರೆಡ್ಡಿಯವರು ಹುಟ್ಟಿದ್ದು 1930ರ ಅಕ್ಟೋಬರ್ 21ರಂದು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಪಿಎಚ್.ಡಿ. ಮುಗಿಸಿದರು. ಅಮೆರಿಕದಲ್ಲಿ ಕೆಲಸ ಮಾಡಿ, 1966ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು. ಹೆಸರು, ಹುದ್ದೆ, ಪ್ರಯೋಗಾಲಯ ಎಲ್ಲವೂ ಇತ್ತು. ಹಾಗಿದ್ದೂ 1974ರಲ್ಲಿ ಅವರು ದಾರಿ ಬದಲಿಸಿದರು. ಸಂಸ್ಥೆಯೊಳಗೇ ‘ಅಸ್ತ್ರ’ ಎಂಬ ಸಣ್ಣ ಘಟಕ ಶುರುವಾಯಿತು. ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಹಳ್ಳಿಗಳಿಗೆ ಒಯ್ಯುವುದು ಅದರ ಕೆಲಸ.

ತುಮಕೂರು ಜಿಲ್ಲೆಯ ಕುಣಿಗಲ್ ತಾಲೂಕಿನ ಉಂಗ್ರ ಗ್ರಾಮದಲ್ಲಿ ಘಟಕದ ಕೇಂದ್ರ ತೆರೆಯಿತು. ಮೊದಲು ಯಂತ್ರ ಕಟ್ಟಲಿಲ್ಲ, ಲೆಕ್ಕ ಹಾಕಿದರು. ಹತ್ತಿರದ ಪುರ ಎಂಬ ಪುಟ್ಟ ಹಳ್ಳಿಯಲ್ಲಿ 1977ರಲ್ಲಿ 56 ಮನೆ, 357 ಜನ. ಅಲ್ಲಿ ಬಳಕೆಯಾಗುವ ಶಕ್ತಿಯಲ್ಲಿ ಶೇ. 89ರಷ್ಟು ಸೌದೆಯಿಂದಲೇ ಬರುತ್ತಿತ್ತು, ವಿದ್ಯುತ್ತಿನ ಪಾಲು ಲೆಕ್ಕಕ್ಕೆ ಸಿಗುವಷ್ಟೂ ಇರಲಿಲ್ಲ ಎನ್ನಬಹುದು. ಒಂದೊಂದು ಮನೆಯವರು ಸೌದೆಗಾಗಿ ದಿನಕ್ಕೆ ಸರಾಸರಿ 2.6 ಗಂಟೆ, 4.8 ಕಿಲೋಮೀಟರ್ ನಡೆಯುತ್ತಿದ್ದರು. ಹೆಂಗಸರು, ಮಕ್ಕಳು ಹೀಗೆ ಹೊತ್ತು ತಂದ ಸೌದೆಯ ಶಾಖದಲ್ಲಿ ಬಹುಪಾಲು ಪಾತ್ರೆಯನ್ನು ಮುಟ್ಟದೆ ಹಾಳಾಗುತ್ತಿತ್ತು. ಉಳಿದದ್ದು ಹೊಗೆ, ಅದು ಊದುಗೊಳವೆ ಹಿಡಿದು ಕೂತವರ ಕಣ್ಣಿಗೆ, ಎದೆಗೆ. ದೇಶದ ಶಕ್ತಿ ಸಮಸ್ಯೆ ಎಂದರೆ ಅಣೆಕಟ್ಟು, ಸ್ಥಾವರ ಎಂದು ಎಲ್ಲರೂ ಮಾತಾಡುತ್ತಿದ್ದ ಕಾಲದಲ್ಲಿ ರೆಡ್ಡಿಯವರು ಅಡುಗೆಮನೆಯನ್ನು ತೋರಿಸಿದರು. ನನಗೆ ಅವರ ಬದುಕಿನಲ್ಲಿ ಅತಿ ದೊಡ್ಡದಾಗಿ ಕಾಣುವುದು ಇದೇ.

1980ರ ದಶಕದ ಆರಂಭದಲ್ಲಿ ‘ಅಸ್ತ್ರ ಒಲೆ’ ಸಿದ್ಧವಾಯಿತು. ಅದನ್ನು ರೆಡ್ಡಿಯವರೊಬ್ಬರೇ ಮಾಡಿದ್ದಲ್ಲ. ಲೋಕ್ರಸ್, ಜಗದೀಶ್, ಸುಧಾಕರ ಬಾಬು, ಸ್ವಾತಿ ಭೋಗ್ಲೆ ಮೊದಲಾದವರ ಕೈ ಅದರಲ್ಲಿದೆ. ಅಡುಗೆಮನೆಯಲ್ಲೇ ಮಣ್ಣು, ಇಟ್ಟಿಗೆಯಿಂದ ಕಟ್ಟುವ ಒಲೆ ಇದು. ಬೆಂಕಿ ಉರಿಯುವ ಜಾಗ ಸುತ್ತಲೂ ಮುಚ್ಚಿರುತ್ತದೆ. ಸೌದೆ ಕಬ್ಬಿಣದ ಜಾಲರಿಯ ಮೇಲೆ ಉರಿಯುತ್ತದೆ, ಗಾಳಿ ಕೆಳಗಿನಿಂದ ಬರುತ್ತದೆ. ಮೂರು ಕುಳಿಗಳಲ್ಲಿ ಪಾತ್ರೆಗಳು ಬಿಗಿಯಾಗಿ ಕೂರುತ್ತವೆ. ಮೊದಲ ಪಾತ್ರೆಗೆ ನೇರ ಬೆಂಕಿ. ಅಲ್ಲಿಂದ ಹೊರಟ ಬಿಸಿ ಹೊಗೆ ಎರಡನೆಯ, ಮೂರನೆಯ ಪಾತ್ರೆಯ ತಳವನ್ನು ಸವರಿಕೊಂಡು ಹೊಗೆ ಕೊಳವೆಗೆ ಸೇರಿ ಮಾಡಿನ ಮೇಲಕ್ಕೆ ಹೋಗುತ್ತದೆ. ಪ್ರಯೋಗಾಲಯದಲ್ಲಿ ಇದರ ದಕ್ಷತೆ ಶೇ. 40ರ ಆಸುಪಾಸಿನಲ್ಲಿತ್ತು.

ಗುಟ್ಟೆಲ್ಲ ಆ ಕೊಳವೆಯಲ್ಲಿದೆ. ಬಿಸಿ ಗಾಳಿ ಹಗುರ, ಮೇಲೇರುತ್ತದೆ. ಅದು ಏರುವಾಗ ಕೆಳಗೆ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ, ಊದುವ ಅಗತ್ಯವೇ ಬೀಳುವುದಿಲ್ಲ. ಆದರೆ ಎಳೆತ ಹೆಚ್ಚಾದರೆ ಶಾಖವೂ ಹೊಗೆಯೊಂದಿಗೆ ಹೊರಟುಹೋಗುತ್ತದೆ, ಕಡಿಮೆಯಾದರೆ ಹೊಗೆ ಒಲೆಯ ಬಾಯಿಂದಲೇ ವಾಪಸು ಬರುತ್ತದೆ. ಒಲೆ ಮತ್ತು ಕೊಳವೆ ಕೂಡುವಲ್ಲಿ ಸಂದು ಉಳಿದರೆ ಕೊಳವೆ ತಣ್ಣನೆಯ ಗಾಳಿಯನ್ನು ಎಳೆಯುತ್ತದೆ, ಬೆಂಕಿ ಸೊರಗುತ್ತದೆ. ಕೊಳವೆ ಮಾಡಿಗಿಂತ ಎತ್ತರಕ್ಕೆ ಹೋಗದಿದ್ದರೆ ಬೀಸುಗಾಳಿ ಹೊಗೆಯನ್ನು ಕೆಳಗೆ ತಳ್ಳುತ್ತದೆ. ಮರದ ಪಕ್ಕಾಸಿಗೆ ಕೊಳವೆ ತಾಗಬಾರದು, ಹಂಚಿನ ಸಂದಿನಿಂದ ಮಳೆನೀರೂ ಇಳಿಯಬಾರದು. ಕಟಪಾಡಿಯ ಜೂನ್ ತಿಂಗಳನ್ನು ಕಂಡವರಿಗೆ ಈ ಕೊನೆಯ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುಚ್ಚಲಕ್ಕಿ ಬೇಯಿಸುವ ನಮ್ಮ ಕಡೆ ಒಲೆ ಉರಿಯುವ ಹೊತ್ತೂ ಹೆಚ್ಚು. ಈಗ ಗ್ಯಾಸ್ ಬಂದಿದ್ದರೂ ಬಚ್ಚಲಿನ ಹಂಡೆಯಡಿ ತೆಂಗಿನ ಮಡಲು, ಸಿಪ್ಪೆ ಉರಿಯುವ ಮನೆಗಳು ಇನ್ನೂ ಇವೆ. ಅಲ್ಲಿಯೂ ಇದೇ ಲೆಕ್ಕ.

ಹಾಗಾಗಿ ಒಲೆಯ ಭವಿಷ್ಯ ವಿಜ್ಞಾನಿಯ ಕೈಗಿಂತ ಮೇಸ್ತ್ರಿಯ ಕೈಯಲ್ಲಿತ್ತು. ಕುಳಿ ಒಂದೆರಡು ಬೆರಳು ದೊಡ್ಡದಾದರೂ ಸಾಕು, ಪಾತ್ರೆಯ ಸುತ್ತ ಹೊಗೆ ಏಳುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಮೂಲಕ ಒಲೆ ಕಟ್ಟುವವರಿಗೆ ತರಬೇತಿ ಕೊಟ್ಟು ರಾಜ್ಯದ ಹಳ್ಳಿಗಳಿಗೆ ಇದನ್ನು ತಲುಪಿಸಲಾಯಿತು. ಈ ಮಂಡಳಿಯ ಮೊದಲ ಕಾರ್ಯದರ್ಶಿಯೂ ರೆಡ್ಡಿಯವರೇ. ದೇಶದಲ್ಲಿ 1980ರ ದಶಕದಲ್ಲೇ ಸುಧಾರಿತ ಒಲೆಗಳ ದೊಡ್ಡ ಸರಕಾರಿ ಯೋಜನೆಯೂ ಬಂತು. ಎಣಿಕೆಗಾಗಿ ಅವಸರದಲ್ಲಿ ಕಟ್ಟಿದ ಒಲೆಗಳು ಬೇಗ ಬಿರುಕು ಬಿಟ್ಟವು, ಮಸಿ ತೆಗೆಯದ ಕೊಳವೆಗಳು ಕಟ್ಟಿಕೊಂಡವು, ಎಷ್ಟೋ ಮನೆಯವರು ಹಳೆಯ ಮೂರು ಕಲ್ಲಿಗೆ ಮರಳಿದರು.

ರೆಡ್ಡಿಯವರು ಒಲೆಗೆ ನಿಲ್ಲಲಿಲ್ಲ. ಪುರದಲ್ಲಿ ಇಡೀ ಊರಿನ ಸಗಣಿಯಿಂದ ಅನಿಲ ತಯಾರಿಸಿ ದೀಪ ಉರಿಸಿದರು, ನಲ್ಲಿ ನೀರು ಕೊಟ್ಟರು. ಬ್ರೆಜಿಲ್, ಸ್ವೀಡನ್, ಅಮೆರಿಕದ ಮೂವರು ವಿಜ್ಞಾನಿಗಳ ಜೊತೆ ಜಗತ್ತಿನ ಶಕ್ತಿಯ ಬಗ್ಗೆ 1988ರಲ್ಲಿ ಪುಸ್ತಕ ಬರೆದರು. 2000ದಲ್ಲಿ ಆ ನಾಲ್ವರಿಗೂ ಸೇರಿ ವೋಲ್ವೊ ಪರಿಸರ ಪ್ರಶಸ್ತಿ ಬಂತು. 2006ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ‘ಅಸ್ತ್ರ’ದ ಕೆಲಸ ಈಗ ಅದೇ ಸಂಸ್ಥೆಯಲ್ಲಿ ಸುಸ್ಥಿರ ತಂತ್ರಜ್ಞಾನ ಕೇಂದ್ರ ಎಂಬ ಹೆಸರಿನಲ್ಲಿ ನಡೆಯುತ್ತಿದೆ.