ಮತ್ಸ್ಯಕನ್ಯೆಯ ಬಾಲ ತೊಟ್ಟು ಈಜಿದ ಆನೆಟ್ ಕೆಲ್ಲರ್‌ಮನ್

ಮಕ್ಕಳೇ, ಕುಣಿಗಲ್ ದೊಡ್ಡ ಕೆರೆಯ ಏರಿಯ ಮೇಲೆ ನಿಂತು ಮೀನುಗಳನ್ನು ನೋಡಿದ್ದೀರಾ? ಗುಬ್ಬಿ ತಾಲ್ಲೂಕಿನವರು ಕಡಬದ ಕೆರೆಯಲ್ಲಿ, ತುಮಕೂರಿನವರು ಅಮಾನಿಕೆರೆಯಲ್ಲಿ ನೋಡಿರಬಹುದು. ಮೀನು ತನ್ನ ಬಾಲವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸುತ್ತದೆ. ಅಷ್ಟಕ್ಕೇ ಬಾಣದಂತೆ ಮುಂದೆ ಸಾಗುತ್ತದೆ. ನಮಗೂ ಅಂಥದೊಂದು ಬಾಲವಿದ್ದಿದ್ದರೆ ಎಂದು ನಿಮಗೆ ಅನ್ನಿಸಿಲ್ಲವೇ?

ಒಂದು ವಿಜ್ಞಾನ ಮೇಳದಲ್ಲಿ ಏಳನೆಯ ತರಗತಿಯ ಹುಡುಗಿಯೊಬ್ಬಳು ಶಾಲಾ ನಾಟಕಕ್ಕಾಗಿ ತಾನೇ ಮಾಡಿದ ಮತ್ಸ್ಯಕನ್ಯೆಯ ಬಾಲವನ್ನು ನನಗೆ ತೋರಿಸಿದಳು. ರಟ್ಟು ಕತ್ತರಿಸಿ, ಅಮ್ಮನ ಹಳೆಯ ಸೀರೆ ಹೊಲಿದು ಬಹಳ ಚೆನ್ನಾಗಿ ಮಾಡಿದ್ದಳು. ಇದನ್ನು ಹಾಕಿಕೊಂಡು ಕೆರೆಯಲ್ಲಿ ಈಜಬಹುದೇ ಎಂದು ಕೇಳಿದಳು. ಖಂಡಿತ ಕೂಡದು ಎಂದೆ. ರಟ್ಟು ನೀರಿನಲ್ಲಿ ಮೆತ್ತಗಾಗುತ್ತದೆ. ಸೀರೆ ನೆನೆದು ಭಾರವಾಗಿ ಎರಡೂ ಕಾಲುಗಳನ್ನು ಕಟ್ಟಿಹಾಕುತ್ತದೆ. ಅವಳ ಮುಖ ಚಿಕ್ಕದಾಯಿತು. ಆಗ ನಾನು, ನಿಜವಾಗಿಯೂ ಇಂಥ ಬಾಲ ತೊಟ್ಟು ಈಜಿದ ಒಬ್ಬ ಮಹಿಳೆಯ ಕಥೆ ಹೇಳಿದೆ. ಅದನ್ನೇ ಈಗ ನಿಮಗೂ ಹೇಳುತ್ತೇನೆ.

ಕಬ್ಬಿಣದ ಪಟ್ಟಿಯ ಕಾಲುಗಳು

ಆಸ್ಟ್ರೇಲಿಯಾದ ಸಿಡ್ನಿ ನಗರದಲ್ಲಿ 1886ರ ಜುಲೈ 6ರಂದು ಆನೆಟ್ ಕೆಲ್ಲರ್‌ಮನ್ ಹುಟ್ಟಿದಳು. ತಂದೆ ಪಿಟೀಲು ನುಡಿಸುತ್ತಿದ್ದರು, ತಾಯಿ ಪಿಯಾನೊ ನುಡಿಸುತ್ತಿದ್ದರು. ಮಗುವಿನ ಕಾಲುಗಳಲ್ಲಿ ಮಾತ್ರ ಬಲವಿರಲಿಲ್ಲ. ಆರು ವರ್ಷದವಳಾಗಿದ್ದಾಗ ನಡೆಯಲು ಕಾಲುಗಳಿಗೆ ಉಕ್ಕಿನ ಪಟ್ಟಿಗಳನ್ನು ಕಟ್ಟಬೇಕಾಯಿತು. ಆ ಪಟ್ಟಿಗಳು ನೋಯುತ್ತಿದ್ದವು. ಬೇರೆ ಮಕ್ಕಳು ಓಡಿ ಆಡುವಾಗ ಆನೆಟ್ ಕುಳಿತು ನೋಡಬೇಕಿತ್ತು.

ಕಾಲಿಗೆ ಬಲ ಬರಲೆಂದು ತಂದೆತಾಯಿ ಅವಳನ್ನು ಸಿಡ್ನಿಯ ಕ್ಯಾವಿಲ್ ಕುಟುಂಬದ ಈಜುಕೊಳಕ್ಕೆ ಸೇರಿಸಿದರು. ನೀರೇ ಏಕೆ? ಸ್ವಲ್ಪ ಯೋಚಿಸಿ. ಬಾವಿಯಲ್ಲಿ ಮುಳುಗಿದ ಕೊಡ ಹಗುರವಾಗಿರುತ್ತದೆ. ನೀರಿನಿಂದ ಮೇಲೆ ಬಂದ ಕೂಡಲೇ ಭಾರವಾಗುತ್ತದೆ. ನೀರು ತನ್ನೊಳಗಿರುವ ವಸ್ತುವನ್ನು ಮೇಲಕ್ಕೆ ತಳ್ಳುತ್ತದೆ. ಇದನ್ನು ಕಂಡುಹಿಡಿದವನು ಆರ್ಕಿಮಿಡಿಸ್ ಎಂದು ನೀವು ಓದಿದ್ದೀರಿ. ಕುತ್ತಿಗೆಯವರೆಗಿನ ನೀರಿನಲ್ಲಿ ನಿಂತರೆ ನಮ್ಮ ಕಾಲುಗಳು ದೇಹದ ತೂಕದ ಸುಮಾರು ಹತ್ತನೆಯ ಒಂದು ಭಾಗವನ್ನಷ್ಟೇ ಹೊರುತ್ತವೆ. ನೆಲದ ಮೇಲೆ ಸೋಲುವ ಕಾಲು ನೀರಿನಲ್ಲಿ ಕೆಲಸ ಮಾಡಬಲ್ಲದು. ಕೆಲಸ ಮಾಡುತ್ತಾ ಮಾಡುತ್ತಾ ಸ್ನಾಯುಗಳು ಬಲಗೊಳ್ಳುತ್ತವೆ.

ಮೊದಮೊದಲು ಆನೆಟ್‌ಗೆ ನೀರೆಂದರೆ ಭಯವಿತ್ತು. ಕಲಿಯುವುದೂ ತಡವಾಯಿತು. ಆದರೂ ಬಿಡಲಿಲ್ಲ. ಹದಿಮೂರನೆಯ ವಯಸ್ಸಿಗೆ ಕಾಲುಗಳು ಬಹುಮಟ್ಟಿಗೆ ಸರಿಹೋದವು. 1902ರಲ್ಲಿ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ಮಹಿಳೆಯರ ಈಜು ಸ್ಪರ್ಧೆಯಲ್ಲಿ ಅವಳು 100 ಗಜಗಳನ್ನು 1 ನಿಮಿಷ 22 ಸೆಕೆಂಡಿನಲ್ಲಿಯೂ, 1 ಮೈಲಿಯನ್ನು 33 ನಿಮಿಷ 49 ಸೆಕೆಂಡಿನಲ್ಲಿಯೂ ಈಜಿ ಗೆದ್ದಳು. 1 ಮೈಲಿ ಎಂದರೆ ಸುಮಾರು 1,609 ಮೀಟರ್. ಅವಳ ವೇಗ ಸೆಕೆಂಡಿಗೆ ಎಷ್ಟು ಮೀಟರ್? ಲೆಕ್ಕ ಮಾಡಿಡಿ, ಉತ್ತರ ಕೊನೆಯಲ್ಲಿದೆ.

ಮೀನುಗಳ ಜೊತೆ ಗಾಜಿನ ತೊಟ್ಟಿಯಲ್ಲಿ

ಮುಂದೆ ಕುಟುಂಬ ಮೆಲ್ಬರ್ನ್ ನಗರಕ್ಕೆ ಹೋಯಿತು. ಅಲ್ಲಿನ ಮತ್ಸ್ಯಾಲಯದಲ್ಲಿ ಆನೆಟ್ ಗಾಜಿನ ದೊಡ್ಡ ತೊಟ್ಟಿಯೊಳಗೆ ಮೀನುಗಳ ಜೊತೆ ಈಜಿ ತೋರಿಸುತ್ತಿದ್ದರು. ಮತ್ಸ್ಯಕನ್ಯೆಯ ಪ್ರದರ್ಶನವನ್ನೂ ಕೊಟ್ಟರು. ಟಿಕೆಟ್ ಕೊಂಡು ಜನ ನೋಡಲು ಬಂದರು.

1905ರಲ್ಲಿ ತಂದೆಯ ಜೊತೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಅಲ್ಲಿ ಥೇಮ್ಸ್ ನದಿಯಲ್ಲಿ ಬಹುದೂರ ಈಜಿ ಹೆಸರು ಪಡೆದರು. ಇಂಗ್ಲಿಷ್ ಕಾಲುವೆಯನ್ನು ದಾಟಲು ಮೂರು ಬಾರಿ ಪ್ರಯತ್ನಿಸಿದರು. ಇದು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವಿನ ಸಮುದ್ರ. ತೀರ ಕಿರಿದಾದ ಕಡೆಯಲ್ಲೇ ಸುಮಾರು 33 ಕಿಲೋಮೀಟರ್ ಅಗಲವಿದೆ. ನೀರು ಮೈ ಕೊರೆಯುವಷ್ಟು ತಣ್ಣಗಿರುತ್ತದೆ, ಸೆಳೆತ ಈಜುಗಾರರನ್ನು ಪಕ್ಕಕ್ಕೆ ಎಳೆಯುತ್ತದೆ. ಮೂರು ಬಾರಿಯೂ ಆನೆಟ್ ಆಚೆಯ ದಡ ಮುಟ್ಟಲಿಲ್ಲ. ಅದನ್ನು ಮೊದಲು ದಾಟಿದ ಮಹಿಳೆ ಅಮೆರಿಕದ ಗರ್ಟ್ರೂಡ್ ಎಡರ್ಲಿ, 1926ರಲ್ಲಿ. ನಮ್ಮ ಭಾರತದ ಆರತಿ ಸಾಹಾ 1959ರಲ್ಲಿ ದಾಟಿ, ಹಾಗೆ ದಾಟಿದ ಏಷ್ಯಾದ ಮೊದಲ ಮಹಿಳೆಯಾದರು. ಸೋತ ಆನೆಟ್ ಈಜು ಬಿಟ್ಟರೇ? ಇಲ್ಲ. ತಮ್ಮ ಶಕ್ತಿ ಎಲ್ಲಿದೆ ಎಂದು ನೋಡಿಕೊಂಡರು.

ಉಡುಪನ್ನು ಬದಲಿಸಿದ ಸೂಜಿ ದಾರ

ಆ ಕಾಲದಲ್ಲಿ ಹೆಂಗಸರು ನೀರಿಗಿಳಿಯುವಾಗಲೂ ಉದ್ದ ಲಂಗ, ತೋಳಿನ ಅಂಗಿ, ಕಾಲುಚೀಲ ಧರಿಸುತ್ತಿದ್ದರು. ಬಟ್ಟೆ ನೀರು ಕುಡಿದರೆ ಏನಾಗುತ್ತದೆ? ಒಣಗಿದ ಟವೆಲನ್ನೂ ನೆನೆದ ಟವೆಲನ್ನೂ ಎತ್ತಿ ನೋಡಿ, ತಿಳಿಯುತ್ತದೆ. ಭಾರದ ಜೊತೆಗೆ ಸಡಿಲ ಬಟ್ಟೆ ನೀರನ್ನು ಹಿಡಿದು ಈಜುವವರನ್ನು ಹಿಂದಕ್ಕೆ ಎಳೆಯುತ್ತದೆ. ಇಂಥ ಉಡುಪಿನಲ್ಲಿ ಈಜುವುದಿರಲಿ, ತೇಲುವುದೇ ಕಷ್ಟ.

ಆನೆಟ್ ಹುಡುಗರಂತೆ ಮೈಗೆ ಅಂಟುವ ಒಂದೇ ತುಂಡಿನ ಉಡುಪು ಧರಿಸುತ್ತಿದ್ದರು. ಲಂಡನ್ನಿನಲ್ಲಿ ರಾಜಮನೆತನದವರ ಮುಂದೆ ಈಜಬೇಕಾಗಿ ಬಂದಾಗ ಬರಿಗಾಲು ಕಾಣಬಾರದೆಂಬ ನಿಯಮವಿತ್ತು. ಆಕೆ ಜಗಳ ಮಾಡಲಿಲ್ಲ, ಉದ್ದ ಲಂಗವನ್ನೂ ತೊಡಲಿಲ್ಲ. ತಮ್ಮ ಉಡುಪಿಗೆ ಕಪ್ಪು ಕಾಲುಚೀಲಗಳನ್ನು ಸೇರಿಸಿ ಹೊಲಿದುಬಿಟ್ಟರು. ಕಾಲು ಮುಚ್ಚಿತು, ಈಜಲೂ ಅಡ್ಡಿಯಾಗಲಿಲ್ಲ. ಮುಂದೆ ಈ ಬಗೆಯ ಉಡುಪು ಅವರ ಹೆಸರಿನಿಂದಲೇ ಪ್ರಸಿದ್ಧವಾಯಿತು. ಹೆಣ್ಣುಮಕ್ಕಳು ಸುರಕ್ಷಿತವಾಗಿ ಈಜು ಕಲಿಯಲು ಅದು ದಾರಿಮಾಡಿತು.

ಬೆಳ್ಳಿತೆರೆಯ ಮತ್ಸ್ಯಕನ್ಯೆ

ಆಮೇಲೆ ಆನೆಟ್ ಅಮೆರಿಕಕ್ಕೆ ಹೋದರು. 1907ರಲ್ಲಿ ನ್ಯೂಯಾರ್ಕಿನ ಹಿಪ್ಪೊಡ್ರೋಮ್ ರಂಗಮಂದಿರದಲ್ಲಿ ಗಾಜಿನ ತೊಟ್ಟಿಯೊಳಗೆ ನೀರಿನ ನೃತ್ಯ ಮಾಡಿದರು. ಕೆಲವು ದಶಕಗಳ ನಂತರ ನಮ್ಮ ಗುಬ್ಬಿ ವೀರಣ್ಣನವರ ನಾಟಕ ಕಂಪನಿ ನಿಜವಾದ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದು ಜನರನ್ನು ಬೆರಗುಗೊಳಿಸಿತಲ್ಲ, ಹಾಗೆ ಅಲ್ಲಿ ಜನ ನೀರಿನ ತೊಟ್ಟಿ ನೋಡಿ ಬೆರಗಾದರು.

ಮೂಕಿ ಚಲನಚಿತ್ರಗಳ ಕಾಲ ಅದು. 1911ರಲ್ಲಿ ಆನೆಟ್ ಮತ್ಸ್ಯಕನ್ಯೆಯ ಕುರಿತ ಒಂದು ಚಿಕ್ಕ ಚಿತ್ರದಲ್ಲಿ ಅಭಿನಯಿಸಿದರು. ಈಜಲು ಬರುವಂಥ ಮತ್ಸ್ಯಕನ್ಯೆಯ ಉಡುಪನ್ನು ತೆರೆಯ ಮೇಲೆ ಮೊದಲು ತೊಟ್ಟವರಲ್ಲಿ ಆಕೆಯ ಹೆಸರೇ ಮುಂದೆ ಬರುತ್ತದೆ. ಈ ಉಡುಪುಗಳನ್ನು ಆಕೆ ತಾವೇ ವಿನ್ಯಾಸ ಮಾಡುತ್ತಿದ್ದರು. ನೋಡಲು ಚೆಂದವಿದ್ದರೆ ಸಾಲದು, ನೀರಿನಲ್ಲಿ ನಡೆಯಬೇಕು. ಅದನ್ನು ತಿಳಿಯಲು ಈಜುಗಾತಿಯೇ ಬೇಕಲ್ಲವೇ?

ಇದು ಅಪಾಯವಿಲ್ಲದ ಕೆಲಸವಾಗಿರಲಿಲ್ಲ. ಬರ್ಮುಡಾ ದ್ವೀಪದಲ್ಲಿ ತಯಾರಾಗಿ 1914ರಲ್ಲಿ ತೆರೆಕಂಡ ಒಂದು ಚಿತ್ರದ ಚಿತ್ರೀಕರಣದ ವೇಳೆ ಗಾಜಿನ ತೊಟ್ಟಿ ಒಡೆದುಹೋಯಿತು. ಆನೆಟ್ ಮತ್ತು ನಿರ್ದೇಶಕರು ಇಬ್ಬರಿಗೂ ಗಾಯಗಳಾದವು. ನೀರಿಗೆ ಅಷ್ಟು ಬಲವೇ? 1 ಮೀಟರ್ ಉದ್ದ, 1 ಮೀಟರ್ ಅಗಲ, 2 ಮೀಟರ್ ಎತ್ತರದ ತೊಟ್ಟಿಯಲ್ಲಿ 2,000 ಲೀಟರ್ ನೀರು ಹಿಡಿಯುತ್ತದೆ. ಅದರ ತೂಕ 2,000 ಕಿಲೋಗ್ರಾಂ. ಆಳ ಹೆಚ್ಚಿದಂತೆ ನೀರು ಗೋಡೆಯನ್ನು ತಳ್ಳುವ ಒತ್ತಡವೂ ಹೆಚ್ಚುತ್ತದೆ. ನಮ್ಮ ಕೆರೆಗಳ ಏರಿ ಬುಡದಲ್ಲಿ ಅಗಲವಾಗಿ ಏಕಿರುತ್ತದೆ ಎಂಬುದಕ್ಕೂ ಇದೇ ಉತ್ತರ.

ಬಾಲದೊಳಗಿನ ವಿಜ್ಞಾನ

ಮತ್ಸ್ಯಕನ್ಯೆ ಮೀನಿನಂತೆ ಎಡಬಲಕ್ಕೆ ಬಾಲ ಬೀಸಬಹುದೇ? ನಿಮ್ಮ ಮೊಣಕಾಲನ್ನು ಮಡಿಸಿ ನೋಡಿ. ಅದು ಹಿಂದಕ್ಕೆ ಮಡಿಸುತ್ತದೆ, ಪಕ್ಕಕ್ಕಲ್ಲ. ಆದ್ದರಿಂದ ಮನುಷ್ಯನ ಬಾಲ ಮೇಲೆ ಕೆಳಗೆ ಬೀಸಬೇಕು. ಡಾಲ್ಫಿನ್ ಮತ್ತು ತಿಮಿಂಗಿಲ ಈಜುವುದು ಹೀಗೆಯೇ. ಅವು ಮೀನುಗಳಲ್ಲ, ನಮ್ಮಂತೆ ಸಸ್ತನಿಗಳು. ಅವುಗಳ ಬಾಲದ ರೆಕ್ಕೆ ಅಡ್ಡಲಾಗಿ ಹರಡಿರುತ್ತದೆ. ಹೆಸರು ಮತ್ಸ್ಯಕನ್ಯೆಯಾದರೂ ಆಕೆಯ ಈಜು ಡಾಲ್ಫಿನ್ನಿನದು!

ಬಾಲ ನೀರನ್ನು ಹಿಂದಕ್ಕೆ ತಳ್ಳುತ್ತದೆ, ನೀರು ಬಾಲವನ್ನು ಮುಂದಕ್ಕೆ ತಳ್ಳುತ್ತದೆ. ಇದು ನ್ಯೂಟನ್ನನ ಮೂರನೆಯ ನಿಯಮ. ಅಗಲವಾದ ರೆಕ್ಕೆ ಹೆಚ್ಚು ನೀರನ್ನು ತಳ್ಳುತ್ತದೆ. ಆದರೆ ಅದನ್ನು ಬೀಸಲು ಕಾಲಿನಲ್ಲಿ ಬಲವೂ ಹೆಚ್ಚು ಬೇಕು.

ಆನೆಟ್ ಬಾಲ ತೊಟ್ಟ ಕಾಲಕ್ಕೆ ಇಂದಿನ ಮಾನೋಫಿನ್ ಇರಲಿಲ್ಲ. ಎರಡೂ ಪಾದಗಳಿಗೆ ಸೇರಿ ಇರುವ ಒಂದೇ ದೊಡ್ಡ ಈಜುರೆಕ್ಕೆಗೆ ಮಾನೋಫಿನ್ ಎಂದು ಹೆಸರು. 1970ರ ದಶಕದ ಆರಂಭದಲ್ಲಿ ಆಗಿನ ಸೋವಿಯತ್ ಒಕ್ಕೂಟದ ಈಜುಗಾರರು ಅದನ್ನು ಸ್ಪರ್ಧೆಗೆ ತಂದರು. ಬರಿಗಾಲಿನಲ್ಲಿ 50 ಮೀಟರ್ ಈಜಲು ಜಗತ್ತಿನ ಅತಿ ವೇಗದ ಪುರುಷರಿಗೆ ಸುಮಾರು 21 ಸೆಕೆಂಡು ಬೇಕು. ಮಾನೋಫಿನ್ ತೊಟ್ಟವರು 15 ಸೆಕೆಂಡಿಗೂ ಮೊದಲೇ ಮುಟ್ಟಿದ್ದಾರೆ. ಇಂದು ಮತ್ಸ್ಯಕನ್ಯೆಯ ಬಾಲ ಮಾಡುವವರು ಒಳಗೆ ಮಾನೋಫಿನ್ ಇಟ್ಟು ಮೇಲೆ ಹಿಗ್ಗುವ ಬಟ್ಟೆ ಹೊದಿಸುತ್ತಾರೆ.

ಮಾನೋಫಿನ್ ಆರಿಸುವಾಗ ಅವರು ಏನೇನು ನೋಡುತ್ತಾರೆ ಗೊತ್ತೇ?

ಮೊದಲನೆಯದು ಪಾದದ ಅಳತೆ. ಬಿಗಿಯಾದರೆ ಪಾದ ಜೋಮು ಹಿಡಿಯುತ್ತದೆ. ಸಡಿಲವಾದರೆ ಕಳಚಿಹೋಗುತ್ತದೆ. ಸ್ವಲ್ಪ ಸಡಿಲವಿದ್ದರೆ ಈಜು ಕಾಲುಚೀಲ ಧರಿಸಿ ಅಥವಾ ಹಿಮ್ಮಡಿಗೆ ಮೆತ್ತೆ ಕೊಟ್ಟು ಸರಿಪಡಿಸುತ್ತಾರೆ.

ಎರಡನೆಯದು ಗಡಸುತನ. ಗಾಜಿನ ನಾರಿನಿಂದ ಮಾಡಿದ ಗಡಸು ರೆಕ್ಕೆ ವೇಗ ಕೊಡುತ್ತದೆ, ಆದರೆ ಪಳಗದ ಕಾಲನ್ನು ಬೇಗ ದಣಿಸುತ್ತದೆ. ಹೊಸಬರಿಗೆ ಮೆದುವಾಗಿ ಬಾಗುವ ಚಿಕ್ಕ ರೆಕ್ಕೆಯೇ ಒಳ್ಳೆಯದು.

ಮೂರನೆಯದು ತೇಲುವ ಗುಣ. ಬಾಲ ತುಂಬಾ ತೇಲಿದರೆ ಕಾಲು ಮೇಲೆದ್ದು ತಲೆ ಕೆಳಗಾಗುತ್ತದೆ. ತುಂಬಾ ಮುಳುಗಿದರೆ ಕಾಲನ್ನು ಕೆಳಕ್ಕೆ ಎಳೆಯುತ್ತದೆ. ಆದ್ದರಿಂದ ಎರಡೂ ಆಗದಂತೆ ತೂಗಿಸುತ್ತಾರೆ.

ನಾಲ್ಕನೆಯದು ಬಟ್ಟೆಯ ಹೊದಿಕೆ. ರೆಕ್ಕೆಯ ಚೂಪು ಅಂಚುಗಳನ್ನು ಉಜ್ಜಿ ಗುಂಡಗೆ ಮಾಡುತ್ತಾರೆ, ಇಲ್ಲದಿದ್ದರೆ ಬಟ್ಟೆ ಹರಿಯುತ್ತದೆ. ಸೊಂಟ, ತೊಡೆ, ಮೊಣಕಾಲು, ಕಣಕಾಲು ಎಲ್ಲದರ ಅಳತೆ ತೆಗೆದು, ಮೊಣಕಾಲು ಸಲೀಸಾಗಿ ಮಡಿಸುವಂತೆ ಹೊಲಿಯುತ್ತಾರೆ. ತುದಿಯಲ್ಲಿ ನೀರು ಸೋರಿಹೋಗಲು ದಾರಿ ಬಿಡುತ್ತಾರೆ.

ಐದನೆಯದು ಎಲ್ಲಕ್ಕಿಂತ ಮುಖ್ಯ. ಕಷ್ಟ ಬಂದಾಗ ಬೇರೆಯವರ ಸಹಾಯವಿಲ್ಲದೆ, ನೀರಿನಲ್ಲಿಯೇ, ಒಂದೇ ಎಳೆತಕ್ಕೆ ಬಾಲದಿಂದ ಕಾಲು ಹೊರಬರಬೇಕು. ಹಾಗೆ ಬಿಚ್ಚುವುದನ್ನು ಮೊದಲು ದಡದಲ್ಲಿ ಕುಳಿತು, ನಂತರ ಆಳವಿಲ್ಲದ ಕೊಳದಲ್ಲಿ ಅಭ್ಯಾಸ ಮಾಡಬೇಕು. ಬಿಚ್ಚಲು ಬಾರದ ಬಾಲ ಬಾಲವಲ್ಲ, ಬೇಡಿ.

ಕಥೆಯ ಕೊನೆ

ಆನೆಟ್ ಈಜು ಕಲಿಸುವ ಪುಸ್ತಕವನ್ನು 1918ರಲ್ಲಿ ಪ್ರಕಟಿಸಿದರು. ಹೆಣ್ಣುಮಕ್ಕಳು ವ್ಯಾಯಾಮ ಮಾಡಬೇಕು, ಈಜು ಕಲಿಯಬೇಕು ಎಂದು ಊರೂರು ತಿರುಗಿ ಭಾಷಣ ಮಾಡಿದರು. 1952ರಲ್ಲಿ ಹಾಲಿವುಡ್ ಆಕೆಯ ಬದುಕನ್ನೇ ಚಲನಚಿತ್ರ ಮಾಡಿತು. 1970ರಲ್ಲಿ ಆಸ್ಟ್ರೇಲಿಯಾಕ್ಕೆ ಮರಳಿದರು. ವಯಸ್ಸಾದ ಮೇಲೂ ಈಜು ಬಿಡಲಿಲ್ಲ. 1974ರಲ್ಲಿ ಅಂತರರಾಷ್ಟ್ರೀಯ ಈಜು ಗೌರವ ಮಂದಿರದಲ್ಲಿ ಆಕೆಯ ಹೆಸರು ಸೇರಿತು. 1975ರ ನವೆಂಬರಿನಲ್ಲಿ, 89ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಮಕ್ಕಳೇ, ಈ ಬದುಕಿನಲ್ಲಿ ಒಂದು ಕ್ರಮವಿದೆ, ಗಮನಿಸಿದಿರಾ? ಆನೆಟ್ ಮೊದಲು ಕಾಲುಗಳಿಗೆ ಬಲ ತಂದುಕೊಂಡರು. ಆಮೇಲೆ ಉಡುಪನ್ನು ನೀರಿಗೆ ಹೊಂದಿಸಿದರು. ಕೊನೆಗೆ ಬಾಲ ತೊಟ್ಟರು. ಬಾಲ ಯಾರಿಗೂ ಈಜು ಕಲಿಸುವುದಿಲ್ಲ. ಈಜು ಬಲ್ಲವರಿಗೆ ಮಾತ್ರ ಬಾಲ ನೆರವಾಗುತ್ತದೆ.

ನಮ್ಮ ಕೆರೆ, ಕೃಷಿ ಹೊಂಡ, ಕಲ್ಲುಗಣಿಯ ಗುಂಡಿಗಳು ಆಟದ ಜಾಗಗಳಲ್ಲ. ಆಳ ಗೊತ್ತಾಗುವುದಿಲ್ಲ, ಅಂಚು ಜಾರುತ್ತದೆ, ತಳದಲ್ಲಿ ಹೂಳು ಇರುತ್ತದೆ. ಕಾಲು ಕಟ್ಟಿದಂಥ ಯಾವ ಉಡುಪಿನಲ್ಲೂ ಅಲ್ಲಿಗೆ ಇಳಿಯಬೇಡಿ. ಈಜು ಬಲ್ಲ ದೊಡ್ಡವರ ಜೊತೆ, ಕಾವಲಿರುವ ಕೊಳದಲ್ಲಿ ಕಲಿಯಿರಿ. ಹುಡುಗಿಯರೂ ಕಲಿಯಿರಿ.

ಆ ಏಳನೆಯ ತರಗತಿಯ ಹುಡುಗಿ ತನ್ನ ಸೀರೆಯ ಬಾಲವನ್ನು ನಾಟಕಕ್ಕೆ ಮಾತ್ರ ಬಳಸಿದಳು. ಹೊರಡುವಾಗ ನನ್ನನ್ನು ಕೇಳಿದ್ದು ಬಾಲದ ಬಗ್ಗೆ ಅಲ್ಲ, ಈಜು ಎಲ್ಲಿ ಕಲಿಸುತ್ತಾರೆ ಎಂದು.

ನೀವೇ ಮಾಡಿ ನೋಡಿ

ಬೇಕಾಗುವ ವಸ್ತುಗಳು: ಒಂದು ಬಕೆಟ್ ನೀರು, ಮರದ ಅಳತೆಪಟ್ಟಿ, ಹಳೆಯ ಎಕ್ಸ್‌ರೇ ಹಾಳೆಯಿಂದ ಕತ್ತರಿಸಿದ ಪಟ್ಟಿ, ಅಷ್ಟೇ ಅಳತೆಯ ಬಟ್ಟೆ.

ಮೂರನ್ನೂ ಒಂದೊಂದಾಗಿ ಒಂದು ತುದಿಯಲ್ಲಿ ಹಿಡಿದು ನೀರಿನೊಳಗೆ ಬೀಸಿ. ಮರದ ಪಟ್ಟಿ ಬಾಗುವುದಿಲ್ಲ, ಕೈ ದಣಿಯುತ್ತದೆ. ಬಟ್ಟೆ ಜೋತುಬೀಳುತ್ತದೆ, ನೀರನ್ನು ತಳ್ಳುವುದಿಲ್ಲ. ಎಕ್ಸ್‌ರೇ ಪಟ್ಟಿ ಬಾಗಿ ಮತ್ತೆ ನೇರವಾಗುತ್ತಾ ನೀರನ್ನು ಹಿಂದಕ್ಕೆ ಚಿಮ್ಮುತ್ತದೆ. ಬಾಲಕ್ಕೆ ಯಾವುದು ಸರಿ? ಗೆಳೆಯರ ಜೊತೆ ಚರ್ಚಿಸಿ, ಕಾರಣ ಬರೆಯಿರಿ.

ಲೆಕ್ಕದ ಉತ್ತರ: 33 ನಿಮಿಷ 49 ಸೆಕೆಂಡು ಎಂದರೆ 2,029 ಸೆಕೆಂಡು. 1,609ನ್ನು 2,029ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 0.79 ಮೀಟರ್.